ಅಮ್ಮಾವ್ರ ಮನೆಯ ಹಿಂಬಾಗಿಲು

ಬಿಬಿಸಿ ಟೆಲಿವಿಷನ್ನಿನಲ್ಲಿ 1990ರಿಂದ 1993ರವರೆಗೆ 'ಯೂ ರ‍್ಯಾಂಗ್, ಮಿಲಾರ್ಡ್?' ಎಂಬ ಹಾಸ್ಯ ಧಾರಾವಾಹಿಯೊಂದು ಪ್ರಸಾರವಾಯಿತು. ಜಿಮ್ಮಿ ಪೆರಿ ಮತ್ತು ಡೇವಿಡ್ ಕ್ರಾಫ್ಟ್ ಎಂಬ ಜೋಡಿ ಬರೆದದ್ದು. ಕಥೆ ನಡೆಯುವುದು 1927ರ ಲಂಡನ್ನಿನಲ್ಲಿ, ಲಾರ್ಡ್ ಮೆಲ್ಡ್ರಮ್ ಎಂಬ ಶ್ರೀಮಂತನ ಮನೆಯಲ್ಲಿ. ಮಹಡಿಯ ಮೇಲೆ ಧಣಿಗಳು, ಕೆಳಗಿನ ಅಡುಗೆಮನೆಯಲ್ಲಿ ಬಟ್ಲರ್, ಅಡುಗೆಯಾಕೆ, ಕೆಲಸದ ಹುಡುಗಿಯರು, ಬೂಟು ಒರೆಸುವ ಹುಡುಗ. ಮೇಲಿನವರ ಗುಟ್ಟೆಲ್ಲ ಕೆಳಗಿನವರಿಗೆ ಗೊತ್ತು. ಕೆಳಗಿನವರ ಗುಟ್ಟು ಮೇಲಿನವರಿಗೆ ಒಂದೂ ಗೊತ್ತಿಲ್ಲ. ಧಾರಾವಾಹಿಯ ಹಾಸ್ಯವೆಲ್ಲ ಹುಟ್ಟುವುದು ಈ ಒಂದು ಅಸಮತೋಲನದಿಂದ. ಶೀರ್ಷಿಕೆಯೇ ಆಳಿನ ಬಾಯಿಯ ಮಾತು, ಕರೆಗಂಟೆಗೆ ಓಗೊಟ್ಟು ಬಂದವನು ಧಣಿಯನ್ನು ಕೇಳುವ ಪ್ರಶ್ನೆ.

ಅದರ ಹಳೆಯ ಕಂತುಗಳನ್ನು ನೋಡುವಾಗ ನನಗೆ ನೆನಪಾಗುವುದು ಟಿ.ಪಿ. ಕೈಲಾಸಂ. ಧಾರಾವಾಹಿ ಚಿತ್ರಿಸುವ 1927ರಲ್ಲಿ ಅವರಿಗೆ ನಲವತ್ತರ ಮೇಲೆ ವಯಸ್ಸು. ಆ ಹೊತ್ತಿಗೆ ಸರ್ಕಾರಿ ಹುದ್ದೆಯನ್ನು ಬಿಟ್ಟು, ಬೆಂಗಳೂರಿನ ಮಧ್ಯಮವರ್ಗದ ಮನೆಯನ್ನು ರಂಗಕ್ಕೆ ತಂದು ನಿಲ್ಲಿಸಿಯಾಗಿತ್ತು. ಕನ್ನಡಿಗರ ನೆನಪಿನಲ್ಲಿ ಕೈಲಾಸಂ ಎಂದರೆ ಈಗ ಹೆಚ್ಚಿನಂತೆ ಒಂದಿಷ್ಟು ಚಟಾಕಿ, ಒಂದು ಸಿಗರೇಟು, 'ಕೋಳೀಕೆ ರಂಗ'ನ ಹಾಡು. ಅವರ ಹೆಸರಿನಲ್ಲಿ ಚಲಾವಣೆಯಲ್ಲಿರುವ ನಗೆಹನಿಗಳಲ್ಲಿ ಎಷ್ಟು ನಿಜವಾಗಿ ಅವರವು ಎಂಬ ವಿಚಾರಣೆಗೆ ನಾನು ಇಲ್ಲಿ ಇಳಿಯುವುದಿಲ್ಲ. ಅವರು ಮನೆಯ ಯಾವ ಬಾಗಿಲಿನಿಂದ ಒಳಗೆ ಇಣುಕಿದರು ಎಂಬುದಷ್ಟೇ ನನ್ನ ಕುತೂಹಲ.

ಹುಟ್ಟಿದ್ದು 1884ರಲ್ಲಿ. ತಂದೆ ಟಿ. ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದ ನ್ಯಾಯಾಧೀಶರು. ಕೇವಲ ನ್ಯಾಯಾಧೀಶರಲ್ಲ, ವೇದವನ್ನು ಭೂವಿಜ್ಞಾನದ ಕಣ್ಣಿನಿಂದ ಓದಿ 1911ರಲ್ಲಿ ಪುಸ್ತಕ ಬರೆದವರು, ಮುಂದೆ ರಾಮಾಯಣದ ಲಂಕೆ ಎಲ್ಲಿತ್ತು ಎಂದು ಶೋಧಿಸಹೊರಟವರು. ಸ್ವತಂತ್ರ ಬುದ್ಧಿ ಆ ಮನೆಯಲ್ಲಿ ಪಿತ್ರಾರ್ಜಿತವೇ ಆಗಿತ್ತು. ಮನೆಮಾತು ತಮಿಳು. ಈ ಸಂಗತಿಯನ್ನು ನಾವು ಆಗಾಗ ಮರೆಯುತ್ತೇವೆ. ಬೆಂಗಳೂರಿನ ಕನ್ನಡವನ್ನು ಅದರ ನುಂಗಿದ ಅಕ್ಷರ, ಒತ್ತಿದ ಅಕ್ಷರಗಳ ಸಮೇತ ಕಾಗದಕ್ಕೆ ಇಳಿಸಿದವರು ಆ ಕನ್ನಡವನ್ನು ತೊಟ್ಟಿಲಲ್ಲಿ ಕೇಳಿದವರಲ್ಲ. ಹೊರಗಿನಿಂದ, ಕಿವಿಗೊಟ್ಟು ಕಲಿತವರು. ಮನೆಯವರಿಗಿಂತ ಮನೆಗೆ ಬಂದವನ ಕಿವಿ ಚುರುಕಾಗಿರುತ್ತದೆ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂವಿಜ್ಞಾನ ಓದಿದ ಮೇಲೆ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಲಂಡನ್ನಿಗೆ ಹೋದರು. 1915ರ ಸುಮಾರಿಗೆ ಹಿಂದಿರುಗಿದರು. ಬ್ರಿಟಿಷ್ ಧಾರಾವಾಹಿಗಳು ಇಂದಿಗೂ ಮತ್ತೆ ಮತ್ತೆ ಮರಳಿ ಹೋಗುವ ಕಾಲ ಅದು: ಮೊದಲ ಮಹಾಯುದ್ಧಕ್ಕೆ ಮುಂಚಿನ ವರ್ಷಗಳು, ದೊಡ್ಡ ಮನೆಗಳಲ್ಲಿ ಇನ್ನೂ ಆಳುಕಾಳುಗಳು ತುಂಬಿದ್ದ ಕಾಲ. ಕೈಲಾಸಂ ಅಲ್ಲಿ ಕಲ್ಲು-ಮಣ್ಣಿನ ಶಾಸ್ತ್ರವನ್ನು ಓದಿದ್ದು ನಿಜ, ಜೊತೆಗೆ ನಾಟಕಶಾಲೆಗಳಲ್ಲಿ ಕುಳಿತದ್ದೂ ಅಷ್ಟೇ ನಿಜ. ಇಬ್ಸೆನ್ನನ ಪ್ರಭಾವ, ಷಾನ ಚಾಟಿ, ಸಂಗೀತಶಾಲೆಗಳ ವಿದೂಷಕರ ಹಾಡು ಎಲ್ಲ ಆ ಊರಿನಲ್ಲಿ ಒಟ್ಟಿಗೇ ಇದ್ದವು. ಕುರ್ಚಿ, ಮೇಜು, ಬಾಗಿಲುಗಳಿರುವ ಒಂದು ಸಾಮಾನ್ಯ ಕೋಣೆಯಲ್ಲಿ ಇಡೀ ನಾಟಕವನ್ನು ನಡೆಸಬಹುದು ಎಂಬುದನ್ನು ಅವರು ಅಲ್ಲಿ ಕಣ್ಣಾರೆ ಕಂಡರು.

ಹಿಂದಿರುಗಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಸೇರಿದರು. ಕೆಲವು ವರ್ಷಗಳಲ್ಲಿ ಅದನ್ನು ಬಿಟ್ಟರು. ನ್ಯಾಯಾಧೀಶರ ಮಗ, ಲಂಡನ್ನಿನಲ್ಲಿ ಓದಿದವನು, ಹುದ್ದೆ ಬಿಟ್ಟು ನಾಟಕದ ಹಿಂದೆ ಹೋದದ್ದು ಅಂದಿನ ಬೆಂಗಳೂರಿಗೆ ಸಣ್ಣ ಸುದ್ದಿಯಾಗಿರಲಾರದು. 'ನೂಕ್' ಎಂದು ತಾವೇ ಹೆಸರಿಟ್ಟ, ಅಸ್ತವ್ಯಸ್ತಕ್ಕೆ ಹೆಸರಾದ ಒಂದು ಮೂಲೆಯಲ್ಲಿ ಅವರು ದಿನ ಕಳೆದರು. ಕೈಯಿಂದ ಬರೆದದ್ದಕ್ಕಿಂತ ಬಾಯಿಂದ ಹೇಳಿ ಬರೆಸಿದ್ದೇ ಹೆಚ್ಚು. ಅವರು ಪಾತ್ರ ಪಾತ್ರವಾಗಿ ಆಡಿ ತೋರಿಸುತ್ತ ಹೋದರೆ ಗೆಳೆಯರು ಬರೆದುಕೊಳ್ಳುತ್ತಿದ್ದರು. ದೊಡ್ಡ ಮನೆಯಲ್ಲಿ ಹುಟ್ಟಿದವರು ಮೆಟ್ಟಿಲಿಳಿದು ಬಂದು ಕೂತದ್ದು ಹೀಗೆ, ಯಾರೂ ಇಳಿಸದೆ, ತಾವಾಗಿಯೇ.

ಆಗ ಕನ್ನಡ ರಂಗಭೂಮಿ ಎಂದರೆ ಕಂಪನಿ ನಾಟಕ. ಜರಿಯ ಪರದೆ, ರಾಜರು, ಋಷಿಗಳು, ಕಂದಪದ್ಯಗಳು. ಅರಮನೆಯ ಆಳಿಗೆ ಅಲ್ಲಿ ಜಾಗವಿತ್ತು. ರಾಜನ ದೃಶ್ಯ ಮುಗಿದು ಪರದೆ ಬದಲಾಗುವವರೆಗೆ ಜನರನ್ನು ನಗಿಸಬೇಕಲ್ಲ? 1918ರ ಹೊತ್ತಿಗೆ ಕೈಲಾಸಂ 'ಟೊಳ್ಳುಗಟ್ಟಿ' ತಂದರು. ಅರಮನೆ ಹೋಗಿ ಮನೆ ಬಂತು. ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆಯುವ ಪುಟ್ಟು, ಓದಿನಲ್ಲಿ ಹಿಂದುಳಿದು ಮನುಷ್ಯತ್ವದಲ್ಲಿ ಮುಂದಿರುವ ಮಾಧು. ಕಷ್ಟ ಬಂದಾಗ ಯಾರು ಗಟ್ಟಿ, ಯಾರು ಟೊಳ್ಳು ಎಂಬುದು ಬಯಲಾಗುತ್ತದೆ. ರ‍್ಯಾಂಕಿನ ಹುಚ್ಚು ಇನ್ನೂ ಇಳಿಯದ ನಮ್ಮ ಮನೆಗಳಲ್ಲಿ ಈ ನಾಟಕ ಹಳತಾಗಿಲ್ಲ. ಆಮೇಲೆ 'ಹೋಂ ರೂಲು', 'ಪೋಲಿ ಕಿಟ್ಟಿ', 'ಬಹಿಷ್ಕಾರ', 'ಬಂಡ್ವಾಳ್ವಿಲ್ಲದ ಬಡಾಯಿ'. ಕೊನೆಯದರಲ್ಲಿ ಬರುವ ವಕೀಲ ಅಹೋಬ್ಲುವಿನ ಬಡಾಯಿಗೂ ಬರಿದಾದ ಲಾರ್ಡುಗಳ ಠೀವಿಗೂ ನನಗೆ ಹತ್ತಿರದ ನೆಂಟಸ್ತಿಕೆ ಕಾಣುತ್ತದೆ.

ನಾಟಕಗಳ ಹೆಸರುಗಳನ್ನೇ ಸ್ವಲ್ಪ ನಿಧಾನವಾಗಿ ಓದಬೇಕು. 'ಅಮ್ಮಾವ್ರ ಗಂಡ' ಎಂದು ಯಾರು ಹೇಳುತ್ತಾರೆ? ಹೆಂಡತಿ ಹೇಳುವುದಿಲ್ಲ, ನೆಂಟರು ಹೇಳುವುದಿಲ್ಲ, ಗಂಡನಂತೂ ತನ್ನನ್ನು ಹಾಗೆ ಕರೆದುಕೊಳ್ಳುವುದಿಲ್ಲ. 'ಅಮ್ಮಾವ್ರು' ಎಂಬುದು ಮನೆಕೆಲಸದವರ, ಹಾಲಿನವನ, ತರಕಾರಿ ಮಾರುವವಳ ಬಾಯಿಯ ಮಾತು. ಯಜಮಾನಿಕೆ ಅಮ್ಮಾವ್ರ ಕೈಯಲ್ಲಿರುವ ಮನೆಯಲ್ಲಿ ಆ ಇನ್ನೊಬ್ಬ ಮನುಷ್ಯನನ್ನು ಗುರುತಿಸುವುದು ಹೇಗೆ ಎಂದು ಹಿಂಬಾಗಿಲಲ್ಲಿ ನಿಂತವರು ಯೋಚಿಸಿ ಇಟ್ಟ ಹೆಸರಿನಂತಿದೆ ಅದು. 'ತಾಳಿ ಕಟ್ಟೋಕ್ಕೂಲೀನೇ?' ಎಂಬ ಇನ್ನೊಂದು ಹೆಸರನ್ನು ನೋಡಿ. ವರದಕ್ಷಿಣೆ ಎಂಬ ಸಂಸ್ಕೃತದ ರೇಷ್ಮೆ ವಸ್ತ್ರವನ್ನು ಕಳಚಿ, ಅದನ್ನು ಕೂಲಿ ಎಂದು ಕರೆದುಬಿಟ್ಟರು. ದಿನಗೂಲಿಯವನ ಲೆಕ್ಕದ ಮಾತಿನಿಂದ ಮೇಲ್ಜಾತಿಯ ಮದುವೆಯನ್ನು ಅಳೆದರೆ ಅದರ ಮರ್ಯಾದೆ ಎಷ್ಟು ಉಳಿಯುತ್ತದೆ? ಒಂದು ಭಾಷಣದಿಂದ ಆಗದ ಕೆಲಸವನ್ನು ಈ ಒಂದು ಪದ ಮಾಡುತ್ತದೆ.

ಆದರೆ ಹಿಂಬಾಗಿಲಿನಿಂದ ನೋಡಿದ ಈ ನಾಟಕಗಳಲ್ಲಿ ಹಿಂಬಾಗಿಲಿನವರ ಕಥೆ ಎಷ್ಟಿದೆ? ನಾನು ಓದಿದ ಮಟ್ಟಿಗೆ ಬಹಳ ಕಡಿಮೆ. ನಡುಮನೆಯಲ್ಲಿ ನಿಂತು ಮಾತಾಡುವವರು ಯಜಮಾನರು, ಅವರ ಹೆಂಡಂದಿರು, ಮಕ್ಕಳು, ಅಳಿಯಂದಿರು. 'ಸೂಳೆ' ಇದಕ್ಕೆ ದೊಡ್ಡ ಅಪವಾದ. ಅಲ್ಲಿ ಅವರು ಮನೆಯ ಗೋಡೆಯನ್ನೇ ದಾಟಿ ಹೋದರು. ಉಳಿದಂತೆ ಪಾತ್ರಗಳು ಆಡುವ ಇಂಗ್ಲಿಷ್ ಬೆರೆತ ಕನ್ನಡವಿದೆಯಲ್ಲ, ಅದನ್ನು ನಾವು ಇಲ್ಲಿಯವರೆಗೆ ತಮಾಷೆಯ ಭಾಷೆ ಎಂದಷ್ಟೇ ನೋಡಿದ್ದೇವೆ. ಅದಕ್ಕೆ ಇನ್ನೊಂದು ಕೆಲಸವೂ ಇತ್ತು. ಓದಿದವರ ಮನೆಗಳಲ್ಲಿ ಸಂಬಳದ ವಿಷಯ, ಕಳುವಿನ ಅನುಮಾನ, ನೆಂಟರ ಹಗರಣ ಬಂದ ಕೂಡಲೇ ಮಾತು ಇಂಗ್ಲಿಷಿಗೆ ತಿರುಗುತ್ತದೆ, ಕಸಗುಡಿಸುವವಳಿಗೆ ತಿಳಿಯಬಾರದೆಂದು. ಇಂದಿಗೂ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಇದೇ ಪದ್ಧತಿ. ಕೆಲಸದವಳಿಗೆ ಪದ ತಿಳಿಯದಿದ್ದರೂ ವಿಷಯ ತಿಳಿದುಬಿಡುತ್ತದೆ ಎಂಬುದು ಬೇರೆ ಮಾತು. ಮೆಲ್ಡ್ರಮ್ ಮನೆಯಲ್ಲಿ ಮಹಡಿಗೂ ಅಡುಗೆಮನೆಗೂ ನಡುವೆ ಮೆಟ್ಟಿಲಿತ್ತು. ನಮ್ಮಲ್ಲಿ ಆ ಮೆಟ್ಟಿಲಾಗಿ ನಿಂತದ್ದು ಇಂಗ್ಲಿಷ್.

ಕೈಲಾಸಂ ಅವರ ಬರವಣಿಗೆಯಲ್ಲಿ ನನ್ನನ್ನು ಬಹುಕಾಲದಿಂದ ಕಾಡಿರುವ ವಿಚಿತ್ರ ಇಲ್ಲಿಯೇ ಇದೆ. ಕೆಳಗಿನವರಿಗೆ ಅವರು ನಾಯಕನ ಪಟ್ಟ ಕೊಟ್ಟದ್ದು ಇಂಗ್ಲಿಷಿನಲ್ಲಿ. 1944ರ 'ಪರ್ಪಸ್' ಬೇಡರ ಹುಡುಗ ಏಕಲವ್ಯನ ನಾಟಕ. ಅರ್ಜುನನಿಗೆ ಬಿಲ್ಲು ಬೇಕಾದದ್ದು ಲೋಕದ ಮೊದಲ ಬಿಲ್ಲಾಳು ಎನ್ನಿಸಿಕೊಳ್ಳಲು. ಏಕಲವ್ಯನಿಗೆ ಬೇಕಾದದ್ದು ತೋಳಗಳ ಬಾಯಿಂದ ಜಿಂಕೆಮರಿಗಳನ್ನು ಉಳಿಸಲು. ಇಷ್ಟು ಸರಳವಾಗಿ, ಇಷ್ಟು ನಿರ್ದಯವಾಗಿ ಮಹಾಭಾರತದ ರಾಜಕುಮಾರರನ್ನು ಮೌಲ್ಯಮಾಪನ ಮಾಡಿದ ನಾಟಕಗಳು ಕಡಿಮೆ. 'ಫುಲ್‌ಫಿಲ್‌ಮೆಂಟ್' ಅದೇ ಏಕಲವ್ಯ ಕೃಷ್ಣನ ಕೈಯಲ್ಲಿ ಸಾಯುವ ಕಥೆ. 1946ರದು ಕರ್ಣನ ನಾಟಕ, ಸಾರಥಿಯ ಮನೆಯಲ್ಲಿ ಬೆಳೆದವನ ದುರಂತ. ಮತ್ತೊಂದು 'ಕೀಚಕ'. ಮಹಾಕಾವ್ಯದ ವ್ಯಕ್ತಿಗಳಿಗೆ ದಿನಬಳಕೆಯ ಕನ್ನಡ ಒಗ್ಗದು, ಅವರಿಗೆ ದೂರದ ಗಾಂಭೀರ್ಯವುಳ್ಳ ಭಾಷೆ ಬೇಕು ಎಂಬುದು ಅವರ ನಿಲುವಾಗಿತ್ತೆಂದು ಹೇಳುತ್ತಾರೆ. ಅದರ ಫಲವೇನಾಯಿತು? ಧಣಿಗಳನ್ನು ಗೇಲಿ ಮಾಡುವ ನಾಟಕಗಳು ಆಳುಗಳಿಗೂ ತಿಳಿಯುವ ಭಾಷೆಯಲ್ಲಿ ಬಂದವು. ಆಳಿನ ಅಂತರಂಗವನ್ನು ಎತ್ತಿ ಹಿಡಿದ ನಾಟಕಗಳು ಧಣಿಗಳಿಗೆ ಮಾತ್ರ ತಿಳಿಯುವ ಭಾಷೆಯಲ್ಲಿ ಉಳಿದವು.

ನನ್ನ ಊರು ಹೊನ್ನಾವರ ತಾಲ್ಲೂಕಿನ ಹಳದೀಪುರ. ಹಾಗಾಗಿ ಈ ನಿಲುವನ್ನು ಒಪ್ಪುವುದು ನನಗೆ ಕಷ್ಟ. ಪಕ್ಕದ ಕರ್ಕಿ ಹಾಸ್ಯಗಾರರ ಮನೆತನಕ್ಕೆ ಹೆಸರಾದದ್ದು. ತುಸು ದೂರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಮೇಳ; ಅಂದರೆ ಕೈಲಾಸಂ ಬೆಂಗಳೂರಿನಲ್ಲಿ ಹೇಳಿ ಬರೆಸುತ್ತಿದ್ದ ಕಾಲದಲ್ಲೇ. ಯಕ್ಷಗಾನದ ಬಯಲಿನಲ್ಲಿ ಕರ್ಣ, ಕೀಚಕ, ಕೌರವ ಎಲ್ಲರೂ ಕನ್ನಡದಲ್ಲೇ ಮಾತಾಡುತ್ತ ಬಂದವರು, ಅದೂ ಬರೆದಿಟ್ಟ ಮಾತಲ್ಲ, ಆ ರಾತ್ರಿ ಆ ಕ್ಷಣದಲ್ಲಿ ಕಟ್ಟಿದ ಗ್ರಂಥಸ್ಥ ಕನ್ನಡ. ಅದೇ ರಂಗದ ಮೇಲೆ ಬಾಗಿಲು ಕಾಯುವವನಾಗಿ, ದೂತನಾಗಿ, ಅಗಸನಾಗಿ ಹಾಸ್ಯಗಾರ ಬರುತ್ತಾನೆ. ಅವನದು ಊರ ಮಾತು. ರಾಜ ಗಂಭೀರವಾಗಿ ಅಪ್ಪಣೆ ಕೊಡುತ್ತಾನೆ, ಇವನು ಅದನ್ನು ಬೇಕೆಂದೇ ತಪ್ಪಾಗಿ ಕೇಳಿಸಿಕೊಳ್ಳುತ್ತಾನೆ. ರಾಜ ಅವನನ್ನು ತಡೆಯಲಾರ. ತಡೆದರೆ ಸಭೆ ನಗುವುದು ರಾಜನನ್ನೇ. ಮಹಡಿಯ ಕನ್ನಡ, ಅಡುಗೆಮನೆಯ ಕನ್ನಡ ಎರಡೂ ಒಂದೇ ದೀಪದ ಬೆಳಕಿನಲ್ಲಿ, ಒಂದೇ ಚಂಡೆಯ ಸದ್ದಿನಲ್ಲಿ ನಿಂತಿರುತ್ತವೆ. ಹೊರಗೆ ಗದ್ದೆಯಲ್ಲಿ ಗೇಣಿದಾರ ಭೂಮಾಲೀಕನನ್ನು ಒಡೆಯರೇ ಎಂದು ತಲೆಬಾಗಿ ಕರೆಯುತ್ತಿದ್ದ ಕಾಲದಲ್ಲೂ ಬಯಲಾಟದ ಆಳಿಗೆ ಈ ಸಲಿಗೆ ಇತ್ತು. ಗದ್ದೆಯ ಮಾತು ಬದಲಾಗಲು 1974ರ ಭೂಸುಧಾರಣೆಯ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಬಯಲಾಟದ ನಗು ಕಾನೂನನ್ನು ತರಲಿಲ್ಲ. ಅಷ್ಟು ದೊಡ್ಡ ಹೊಣೆಯನ್ನು ಅದರ ಮೇಲೆ ಹೊರಿಸುವುದೂ ಸರಿಯಲ್ಲ.

'ಕೀಚಕ ವಧೆ'ಯನ್ನೇ ತೆಗೆದುಕೊಳ್ಳಿ. ವಿರಾಟನ ಅರಮನೆಯ ಕಥೆಯಷ್ಟು ಚೆನ್ನಾಗಿ ಮೇಲುಮನೆ-ಕೆಳಮನೆಯನ್ನು ತಲೆಕೆಳಗು ಮಾಡಿದ ಕಥೆ ನಾನರಿತಂತೆ ಇಂಗ್ಲೆಂಡಿನವರಲ್ಲೂ ಇಲ್ಲ. ಅಡುಗೆಮನೆಯಲ್ಲಿ ವಲಲನಾಗಿ ಭೀಮ, ನಾಟ್ಯಶಾಲೆಯಲ್ಲಿ ಬೃಹನ್ನಳೆಯಾಗಿ ಅರ್ಜುನ, ಪಗಡೆಯ ಹಲಗೆಯ ಬಳಿ ಕಂಕನಾಗಿ ಧರ್ಮರಾಯ, ರಾಣಿಯ ತಲೆ ಬಾಚಲು ಸೈರಂಧ್ರಿಯಾಗಿ ದ್ರೌಪದಿ. ಆಳುಗಳೆಲ್ಲ ಅರಸರು, ಅರಸರು ಅವರ ಗುಟ್ಟರಿಯದವರು. ಆದರೆ ರಾಣಿಯ ತಮ್ಮನ ಕಣ್ಣು ಕೆಲಸದವಳ ಮೇಲೆ ಬಿದ್ದಾಗ ತಮಾಷೆ ನಿಂತುಹೋಗುತ್ತದೆ. ಅರಮನೆಯಲ್ಲಿ ಯಾರಿಗೆ ದೂರು ಕೊಡುವುದು? ಸಭೆಗೆ ಓಡಿ ಬಂದರೂ ನ್ಯಾಯ ಸಿಗುವುದಿಲ್ಲ. ಕಡೆಗೆ ನ್ಯಾಯ ಸಿಕ್ಕಿದ್ದು ಅಡುಗೆಯವನಿಂದ. ದೂರದರ್ಶನದ ಲಘುಹಾಸ್ಯ ಮುಟ್ಟಲು ಅಂಜುವ ಜಾಗ ಇದು, ಮನೆಗೆಲಸದ ಹೆಣ್ಣುಮಕ್ಕಳಿಗೆ ಇಂದಿಗೂ ಹೊಸದಲ್ಲದ ಭಯ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನೋಡಲು ನಮ್ಮ ಸೀಮೆಯ ಜನ ನಿದ್ದೆಗೆಡುತ್ತಿದ್ದರು. ಆ ಕೀಚಕನ ಮೋಹಕ್ಕೂ ಮರುಳಾಗುತ್ತಿದ್ದರು, ಅವನ ಸಾವಿಗೂ ಸಮಾಧಾನಪಡುತ್ತಿದ್ದರು. ಕೈಲಾಸಂ ಕೂಡ ಕೀಚಕನಿಗೆ ಬರಿಯ ಖಳನ ಪಟ್ಟ ಕಟ್ಟಲಿಲ್ಲ, ಅವನನ್ನು ಘನತೆಯುಳ್ಳ ವೀರನನ್ನಾಗಿ ಕಂಡರು. ಇಬ್ಬರೂ ಒಂದೇ ದಾರಿಯಲ್ಲಿ ಯೋಚಿಸಿದ್ದಾರೆ. ಒಬ್ಬರದನ್ನು ಕೇಳಿದವರು ಸಾವಿರಾರು ರೈತರು, ಮೀನುಗಾರರು, ಅಂಗಡಿಯವರು. ಇನ್ನೊಬ್ಬರದನ್ನು ಓದುವವರನ್ನು ಇಂದು ಹುಡುಕಬೇಕು.

1945ರಲ್ಲಿ ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕೈಲಾಸಂ ಅಧ್ಯಕ್ಷರಾದರು. ಆಡುಮಾತಿನ, ಅದೂ ಕಲಬೆರಕೆಯ ಆಡುಮಾತಿನ ನಾಟಕಕಾರನಿಗೆ ಆ ಪೀಠ ಸಿಕ್ಕಿದ್ದು ಕನ್ನಡದ ಔದಾರ್ಯಕ್ಕೆ ಸಾಕ್ಷಿ. ಮರುವರ್ಷ, 1946ರಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. 'ಕೀಚಕ' ಅಚ್ಚಾಗಿ ಹೊರಬಂದದ್ದು ಅವರು ಹೋದ ಮೇಲೆ. ಅವರ ಏಕಲವ್ಯನನ್ನು ಯಾರಾದರೂ ಪ್ರಸಂಗಕರ್ತರು ಪದ್ಯಕ್ಕೆ ಇಳಿಸಿ ಬಡಗುತಿಟ್ಟಿಗೆ ತರಬೇಕೆಂದು ನನ್ನ ಆಸೆ. ದ್ರೋಣನಿಗೆ, ಅರ್ಜುನನಿಗೆ ವೇಷಧಾರಿಗಳಿಗೆ ನಮ್ಮಲ್ಲಿ ಬರವಿಲ್ಲ. ತೋಳ ಬಂದ ಸುದ್ದಿ ತರುವ ಕಾಡಿನ ಹುಡುಗನ ಪಾತ್ರವೊಂದನ್ನು ಸೇರಿಸಿದರೆ ಹಾಸ್ಯಗಾರರಿಗೂ ಕೆಲಸ ಸಿಗುತ್ತದೆ.