ಆರ್. ನರಸಿಂಹಾಚಾರ್ಯರು

ಕನ್ನಡದಲ್ಲಿ ಎಂ.ಎ. ಪದವಿ ಪಡೆದವರಲ್ಲಿ ಮೊದಲಿಗರಾದ ಆರ್. ನರಸಿಂಹಾಚಾರ್ಯರು ಜನಿಸಿದ್ದು 1860ರಲ್ಲಿ. 1906ರಿಂದ 1922ರವರೆಗೆ ಅವರು ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದರು.

ಗುಡಿಯ ಗೋಡೆ ಕುಸಿದರೆ ಮತ್ತೆ ಕಟ್ಟಬಹುದು. ಅದರ ಮೇಲಿನ ಬರಹ ಅಳಿದರೆ ಕಟ್ಟಿದವರ ನೆನಪೇ ಅಳಿಯುತ್ತದೆ. ಇದನ್ನರಿತ ಆಚಾರ್ಯರು ಹಾಸನ ಸೀಮೆಯ ಬೇಲೂರು, ದೊಡ್ಡಗದ್ದವಳ್ಳಿಗಳ ದೇವಾಲಯಗಳನ್ನು ಪರಿಶೀಲಿಸಿ 1919ರಲ್ಲಿ ಅವುಗಳನ್ನು ಕುರಿತು ಗ್ರಂಥಗಳನ್ನು ಹೊರತಂದರು. ವಿಗ್ರಹಗಳ ಪೀಠಗಳಲ್ಲಿ ಮರೆಯಾಗಿದ್ದ ದಾಸೋಜ, ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳನ್ನು ಲೋಕಕ್ಕೆ ಪರಿಚಯಿಸಿದರು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಿಂದ ಬಿ.ಎಲ್. ರೈಸರು 1889ರಲ್ಲಿ 144 ಶಾಸನಗಳನ್ನು ಪ್ರಕಟಿಸಿದ್ದರು. ಆಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500 ಆದವು.

1936ರಲ್ಲಿ ಆಚಾರ್ಯರು ದಿವಂಗತರಾದರು. ಊರಿನ ಹಳೆಯ ಕಲ್ಲನ್ನು ಒಗೆಯುವ ಕಲ್ಲಾಗಿಸದೆ ಕಾಪಾಡುವುದೇ ನಾವು ಅವರಿಗೆ ಸಲ್ಲಿಸಬಹುದಾದ ಗೌರವ.