ಸಬ್ಬತ್ತಿನ ಒಲೆ, ಫುಸ್ತಾತಿನ ವೈದ್ಯ

ಮೋಶೆ ಬೆನ್ ಮೈಮೋನ್ ಎಂಬ ಹೆಸರು ಕನ್ನಡ ವಾಚಕರಿಗೆ ತೀರ ಅಪರಿಚಿತವೇನಲ್ಲ. ಪಾಶ್ಚಾತ್ಯರು ಮೈಮೊನಿಡೀಸ್ ಎಂದು ಕರೆದ ಈ ಯೆಹೂದ್ಯ ಪಂಡಿತ ತತ್ತ್ವಜ್ಞಾನಿಯೆಂದೂ ವೈದ್ಯನೆಂದೂ ಲೋಕವಿಖ್ಯಾತ. ನನಗಾದರೋ ಆತ ಹತ್ತಿರದವನೆನಿಸಿದ್ದು ಅಡಿಗೆಮನೆಯ ಒಲೆಯ ಬಳಿಯಲ್ಲಿ. ತತ್ತ್ವಗ್ರಂಥದಲ್ಲಿ ದೂರದ ಶಿಖರದಂತೆ ತೋರುವ ಮನುಷ್ಯ ಇಲ್ಲಿ ಮಡಕೆಯ ಮುಚ್ಚಳ ಎತ್ತಿ ನೋಡುತ್ತಾನೆ.

ಆತ ಹುಟ್ಟಿದ್ದು ಸ್ಪೇನ್ ದೇಶದ ಕಾರ್ಡೋಬ ನಗರದಲ್ಲಿ. 1138ರಲ್ಲಿ ಎಂಬುದು ಈಗಿನ ವಿದ್ವಾಂಸರಲ್ಲಿ ಹೆಚ್ಚಿನವರ ಮತ. ತಂದೆ ಮೈಮೋನ್ ಧರ್ಮಾಧಿಕಾರಿ. 1148ರಲ್ಲಿ ಅಲ್ಮೊಹದರು ನಗರವನ್ನು ಗೆದ್ದರು. ಅನ್ಯಮತೀಯರಿಗೆ ಅಲ್ಲಿ ಬಾಳುವೆ ದುಸ್ತರವಾಯಿತು. ಕುಟುಂಬ ಊರೂರು ಅಲೆಯಿತು. ಮೊರಾಕೊ ದೇಶದ ಫೆಜ್ ನಗರದಲ್ಲಿ ಕೆಲವು ವರ್ಷ ನಿಂತು, 1165ರಲ್ಲಿ ಹಡಗು ಹತ್ತಿ ಪ್ಯಾಲೆಸ್ಟೈನಿನ ಏಕರ್ ಬಂದರಿಗೆ ಬಂದಿತು. ಅಲ್ಲಿಯೂ ನೆಲೆ ದೊರೆಯದೆ, ಕಡೆಗೆ ಈಜಿಪ್ಟಿನ ಫುಸ್ತಾತ್ ಪಟ್ಟಣದಲ್ಲಿ, ಇಂದಿನ ಕೈರೋವಿನ ಹಳೆಯ ಭಾಗದಲ್ಲಿ, ಮನೆ ಮಾಡಿತು.

ಆ ಫುಸ್ತಾತಿಗೂ ನಮ್ಮ ಕರಾವಳಿಗೂ ಒಂದು ನಂಟು ಉಂಟು. ಅಬ್ರಹಾಂ ಬೆನ್ ಯಿಜೂ ಎಂಬ ಯೆಹೂದ್ಯ ವರ್ತಕ 1132ರ ಸುಮಾರಿನಿಂದ 1149ರವರೆಗೆ, ಬಹುಕಾಲ ಮಂಗಳೂರಿನಲ್ಲೇ, ನಮ್ಮ ಪಶ್ಚಿಮ ಕರಾವಳಿಯಲ್ಲಿ ನೆಲೆಸಿ ಮೆಣಸು, ಅಡಿಕೆಯ ವ್ಯಾಪಾರ ನಡೆಸಿದ. ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ಇಟ್ಟಿದ್ದ. ಏಡನ್ನಿನ ಗೆಳೆಯರು ಹಳೆಯ ತಾಮ್ರ ಕಳುಹಿಸಿ ಹೊಸ ಪಾತ್ರೆ ಮಾಡಿಸಿಕೊಳ್ಳುತ್ತಿದ್ದರು. ಆತನ ಮಗಳ ಮದುವೆ ನಡೆದದ್ದು 1156ರಲ್ಲಿ, ಫುಸ್ತಾತಿನಲ್ಲೇ. ಮೋಶೆ ಅಲ್ಲಿಗೆ ಕಾಲಿಟ್ಟದ್ದು ಅದಾದ ಹತ್ತು ವರ್ಷಕ್ಕೆ. ಹಿಂದೂಸ್ಥಾನದ ಸರಕು, ಹಿಂದೂಸ್ಥಾನದ ಸಮುದ್ರ ಆ ಊರಿನವರ ನಿತ್ಯದ ಮಾತಾಗಿತ್ತು.

ಆ ಸಮುದ್ರವೇ ಆತನ ತಮ್ಮನನ್ನು ನುಂಗಿತು. ದಾವೀದ ರತ್ನದ ವ್ಯಾಪಾರಿ. ಮನೆಯ ಗಳಿಕೆಯೆಲ್ಲ ಅವನದು. ಅಣ್ಣ ನಿಶ್ಚಿಂತೆಯಿಂದ ಗ್ರಂಥ ಬರೆಯುತ್ತಿದ್ದ. ಮರುಭೂಮಿ ದಾಟಿ ಕೆಂಪು ಸಮುದ್ರದ ಐದಾಬ್ ಬಂದರು ಸೇರಿದ ದಾವೀದ, ಅಲ್ಲಿ ಕೊಳ್ಳಲು ತಕ್ಕ ಸರಕು ಕಾಣದೆ ಭಾರತಕ್ಕೆ ಹೊರಡುವೆನೆಂದು ಅಣ್ಣನಿಗೆ ಕಾಗದ ಬರೆದ. ಮರಳಿ ಬರಲಿಲ್ಲ. ತಮ್ಮನೊಡನೆ ತನ್ನ ಹಣವೂ ಇತರರ ಹಣವೂ ಮುಳುಗಿತು. ಅವನ ಹೆಂಡತಿಯೂ ಎಳೆಯ ಮಗಳೂ ಅಣ್ಣನ ಪಾಲಿಗೆ ಉಳಿದರು. ಮೋಶೆ ಸುಮಾರು ಒಂದು ವರ್ಷ ಜ್ವರದಿಂದಲೂ ದುಃಖದಿಂದಲೂ ಹಾಸಿಗೆ ಹಿಡಿದ. ಧರ್ಮವಿದ್ಯೆಯನ್ನು ಮಾರಿಕೊಂಡು ಉಣ್ಣುವುದು ಆತನಿಗೆ ಹೇಯ. ವೈದ್ಯವೃತ್ತಿಯೇ ಜೀವನೋಪಾಯವಾಯಿತು.

ಈ ಕಷ್ಟದ ವರ್ಷಗಳಲ್ಲಿಯೇ ಆತ ಹತ್ತು ವರ್ಷ ದುಡಿದು, 1180ರ ಹೊತ್ತಿಗೆ, ಮಿಶ್ನೇ ತೋರಾ ಎಂಬ ಹದಿನಾಲ್ಕು ಕಾಂಡಗಳ ಧರ್ಮಶಾಸ್ತ್ರವನ್ನು ಹೀಬ್ರೂ ಭಾಷೆಯಲ್ಲಿ ಮುಗಿಸಿದ. ನಾನು ಹೇಳಹೊರಟ ಒಲೆಯ ವಿಚಾರ ಬರುವುದು ಅದರ ಸಬ್ಬತ್ ವಿಧಿಗಳಲ್ಲಿ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಯೆಹೂದ್ಯರು ಬೆಂಕಿ ಹೊತ್ತಿಸುವಂತಿಲ್ಲ, ಅಡಿಗೆ ಮಾಡುವಂತಿಲ್ಲ. ಆದರೆ ಆ ದಿನವನ್ನು ಸುಖಭೋಜನದಿಂದ ಆಚರಿಸಬೇಕೆಂಬುದೂ ವಿಧಿಯೇ. ಕರಾಯರೆಂಬ ಪಂಥದವರು ಉರಿಯುವ ಬೆಂಕಿಯೇ ಮನೆಯಲ್ಲಿರಕೂಡದೆಂದು ತಣ್ಣಗಿನ ಊಟ ಉಂಡರು. ಹಳೆಯ ಋಷಿಪರಂಪರೆಯನ್ನು ನಂಬಿದವರು ಮುನ್ನಾದಿನವೇ ಬೇಯಿಸಿ ಬಿಸಿಯನ್ನು ಕಾಪಾಡಿಕೊಂಡರು. ಸ್ಪೇನಿನವರು ಅಂಥ ಅಡಿಗೆಗೆ ಹೂತಿಟ್ಟದ್ದು ಎಂಬರ್ಥದ ಅರಬ್ಬೀ ಮಾತಿನಿಂದ ಅದಫೀನ ಎಂದು ಹೆಸರಿಟ್ಟರು. ಹೀಗೆ ಬಿಸಿ ಮಡಕೆಯೆಂಬುದು ಎರಡು ಪಂಥಗಳ ನಡುವಣ ಗಡಿಕಲ್ಲೇ ಆಗಿಬಿಟ್ಟಿತು. ಈಜಿಪ್ಟಿನಲ್ಲಿ ಕರಾಯರು ಬಹಳವಿದ್ದರು. ಮೋಶೆ ಅವರ ಮತವನ್ನು ಒಪ್ಪಲಿಲ್ಲ. ಆದರೆ ಋಷಿಗಳನ್ನು ಹಳಿಯದವರೆಗೆ ಅವರನ್ನು ಗೌರವದಿಂದ ಕಾಣಬೇಕು, ಅವರ ಶವಸಂಸ್ಕಾರಕ್ಕೂ ಹೋಗಬೇಕು ಎಂದು ತೀರ್ಪು ಕೊಟ್ಟ.

ನಾನು ವಾಸಿಸುವ ಬ್ಯಾಡರಹಳ್ಳಿ ಈಗ ಮಾಗಡಿ ರಸ್ತೆಯ ಗದ್ದಲದಲ್ಲಿ ಬೆಂಗಳೂರಿನೊಡನೆ ಬೆರೆತುಹೋಗಿದೆ. ಆದರೂ ಸೌದೆ ಒಲೆಯ ಕಾಲ ಕಂಡ ಹಿರಿಯರು ಇಲ್ಲಿದ್ದಾರೆ. ಉರಿ ಆರಿದ ಮೇಲೆ ಕೆಂಡಕ್ಕೆ ಬೂದಿ ಮುಚ್ಚಿ ಹಾಲಿನ ಗಡಿಗೆ ಇಡುವ ಬಗೆಯನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೋಶೆಯ ವಿಧಿ ಅಂಥವರಿಗೆ ಪರದೇಶದ್ದೆನಿಸದು. ಅರೆಬೆಂದ ಅಡಿಗೆಯನ್ನು ಕೆಂಡದ ಮೇಲೆ ಬಿಟ್ಟರೆ ಬೇಯಲಿ ಎಂಬ ಆತುರದಿಂದ ಮನೆಯವರು ಕೆಂಡ ಕೆದಕಿಯಾರು. ಆದ್ದರಿಂದ ಮೊದಲೇ ಕೆಂಡವನ್ನು ತೆಗೆದುಬಿಡಬೇಕು ಇಲ್ಲವೆ ಬೂದಿ ಮುಚ್ಚಬೇಕು. ಹುಲ್ಲುಕೂಳೆ, ಆಡುಕುರಿಯ ಹಿಕ್ಕೆ ಉರಿಸಿದ ಒಲೆಗೆ ಈ ಕಟ್ಟಿಲ್ಲ, ಅದರಲ್ಲಿ ನಿಲ್ಲುವ ಕೆಂಡವಿಲ್ಲವಷ್ಟೆ. ಸಂಜೆ ಕವಿಯುವಾಗ ಹಸಿ ಮಾಂಸವನ್ನೇ ಒಲೆಗೇರಿಸಿದರೆ ಅದಕ್ಕೂ ಅಡ್ಡಿಯಿಲ್ಲ! ಆ ರಾತ್ರಿಯ ಊಟಕ್ಕೆ ಅದು ಒದಗದು. ಮನಸ್ಸು ಅದರಿಂದ ಸರಿದಿರುತ್ತದೆ, ಕೈ ಕೆಂಡಕ್ಕೆ ಹೋಗದು.

ಮಡಕೆಯನ್ನು ಹುದುಗಿಸಿಡುವ ವಿಧಿ ಇನ್ನೂ ಸೂಕ್ಷ್ಮ. ಗೊಬ್ಬರ, ಉಪ್ಪು, ಸುಣ್ಣ, ಮರಳು, ಎಣ್ಣೆ ಹಿಂಡಿದ ಆಲಿವ್ ಹಿಂಡಿ ಇವು ತಾವೇ ಕಾವು ಕೂಡಿಸುತ್ತವೆ. ಇವುಗಳಲ್ಲಿ ಶುಕ್ರವಾರ ಹಗಲಲ್ಲೂ ಹುದುಗಿಸಕೂಡದು. ಬಟ್ಟೆ, ಪಾರಿವಾಳದ ಗರಿ, ಬಡಗಿಯ ಮರದಹೊಟ್ಟು ಇರುವ ಕಾವನ್ನು ಮಾತ್ರ ಕಾಯುತ್ತವೆ. ಇವುಗಳಲ್ಲಿ ಸಬ್ಬತ್ತಿಗೆ ಮುಂಚೆ ಹುದುಗಿಸಬಹುದು. ಹಸಿಯಾದ ಉಣ್ಣೆ ಮೊದಲ ಗುಂಪಿಗೆ, ಒಣಗಿದ್ದು ಎರಡನೆಯದಕ್ಕೆ. ಕುಡಿಯುವ ನೀರಿನ ಹೂಜಿಯನ್ನು ಸಬ್ಬತ್ತಿನಲ್ಲೂ ಬೆಂಕಿಯೆದುರು ಇಡಬಹುದು, ಥಂಡಿ ಮುರಿಯುವಷ್ಟು ಮಾತ್ರ; ಕಾಯಿಸಲು ಅಲ್ಲ. ಕೂದಲು ಸೀಳುವ ವಾದವೆಂದು ಇದನ್ನು ಕೆಲವರು ನಕ್ಕಾರು. ನಾನು ನಗಲಾರೆ. ಇಲ್ಲಿ ವಿಚಾರಣೆಗೊಳಗಾದುದು ಮಡಕೆಯಲ್ಲ, ಅದರ ಪಕ್ಕದಲ್ಲಿ ಹಸಿದು ಕುಳಿತ ಮನುಷ್ಯನ ಕೈ. ಸಬ್ಬತ್ತಿಗೆ ಕೊಬ್ಬಿದ ಭಕ್ಷ್ಯವನ್ನೂ ಸುವಾಸನೆಯ ಪಾನೀಯವನ್ನೂ ವಿಧಿಸಿದವನೇ, ಬಡವನಿಗೆ ಬೇಯಿಸಿದ ಸೊಪ್ಪೂ ಸಾಕೆಂದು ಸೇರಿಸಿದ್ದಾನೆ.

ಇಷ್ಟು ಬಿಗಿಯಾಗಿ ಕಟ್ಟಿದ ಬೇಲಿಯನ್ನು ಆತನೇ ಒಂದೆಡೆ ತೆರೆದಿಟ್ಟ. ರೋಗಿಯ ಪ್ರಾಣಕ್ಕೆ ಅಪಾಯವಿದ್ದರೆ ಸಬ್ಬತ್ತಿನಲ್ಲೇ ಬೆಂಕಿ ಹೊತ್ತಿಸಬೇಕು, ಅಡಿಗೆ ಮಾಡಬೇಕು, ನೀರು ಕಾಯಿಸಬೇಕು. ಅದನ್ನು ಅನ್ಯಮತೀಯರಿಗೋ ಮಕ್ಕಳಿಗೋ ಒಪ್ಪಿಸಿ ದೂರ ನಿಲ್ಲಬಾರದು. ಜನಾಂಗದ ಹಿರಿಯ ಪಂಡಿತರೇ ಕೈಯಾರೆ ಮಾಡಬೇಕು. ಧರ್ಮದ ಕಟ್ಟಳೆಗಳು ಲೋಕದ ಮೇಲೆ ಸೇಡಲ್ಲ, ಕರುಣೆ ಎಂಬುದು ಆತನ ಅಭಿಪ್ರಾಯ. ಜ್ವರದಲ್ಲಿ ವರ್ಷ ಕಳೆದವನ, ರೋಗಿಗಳ ನಡುವೆ ಬದುಕಿದವನ ಮಾತು ಇದು.

ಸಲಾದಿನನ ಮಂತ್ರಿ ಅಲ್-ಫಾದಿಲನ ಆಶ್ರಯ ದೊರೆತು ಆತ ರಾಜವೈದ್ಯನಾದ. ಅರಬ್ಬೀ ಭಾಷೆಯ ತತ್ತ್ವಗ್ರಂಥ 1190ರ ಸುಮಾರಿಗೆ ಸಿದ್ಧವಾಯಿತು. ಅದರ ಮೇಲಿನ ವಾದವಿವಾದ ಇಲ್ಲಿ ಬೇಡ. 1199ರಲ್ಲಿ, ಅದನ್ನು ಹೀಬ್ರೂವಿಗೆ ತರುತ್ತಿದ್ದ ಸಾಮ್ಯುಯೆಲ್ ಇಬ್ನ್ ತಿಬ್ಬೊನ್ ಭೇಟಿಗೆ ಬರುವೆನೆಂದಾಗ, ಬರೆದ ಕಾಗದದಲ್ಲಿ ಆತ ತನ್ನ ದಿನಚರಿಯನ್ನು ತೋಡಿಕೊಂಡಿದ್ದಾನೆ. ಮನೆಗೂ ಅರಮನೆಗೂ ಇದ್ದ ದೂರವನ್ನು ಅಳೆದದ್ದು ಮೈಲಿಯಿಂದಲ್ಲ, ಸಬ್ಬತ್ತಿನಲ್ಲಿ ನಡೆಯಲು ಅನುಮತಿಯಿರುವ ದೂರದ ಎರಡು ಪಟ್ಟು ಎಂದು! ಬೆಳಗಾಗುತ್ತಲೇ ಅರಮನೆಗೆ ಹೋದರೆ ಮರಳುವುದು ಮಧ್ಯಾಹ್ನ ಕಳೆದು, ಹಸಿದು. ಆಗ ಅಂಗಳದ ತುಂಬ ರೋಗಿಗಳು. ಕೈ ತೊಳೆದು, ಅವರ ಕ್ಷಮೆ ಬೇಡಿ, ಎರಡು ತುತ್ತು ತಿನ್ನುವನು. ಇಡೀ ದಿನಕ್ಕೆ ಅದೊಂದೇ ಊಟ. ರಾತ್ರಿ ಆಯಾಸದಿಂದ ಮಲಗಿಕೊಂಡೇ ಔಷಧ ಹೇಳುವನು. ಸಬ್ಬತ್ತಿನ ದಿನವೂ ಬೆಳಗಿನ ಪ್ರಾರ್ಥನೆ ಮುಗಿದೊಡನೆ ಸಮುದಾಯವೆಲ್ಲ ಮನೆಗೆ ಬಂದು ನಡುಹಗಲವರೆಗೆ ಕೂರುತ್ತಿತ್ತು. ಕೆಲವರು ಸಂಜೆ ಮತ್ತೆ ಬರುತ್ತಿದ್ದರು.

ಆತ 1204ರ ಡಿಸೆಂಬರಿನಲ್ಲಿ ಫುಸ್ತಾತಿನಲ್ಲಿ ತೀರಿಕೊಂಡ. ಅಲ್ಲಿನ ಬೆನ್ ಎಜ್ರಾ ಮಂದಿರದ ಕಾಗದದ ಕೋಣೆಯಲ್ಲಿ ರದ್ದಿಯಾಗಿ ಬಿದ್ದಿದ್ದ ರಾಶಿಯ ಬಹುಭಾಗವನ್ನು ಸಾಲೊಮನ್ ಶೆಕ್ಟರ್ 1897ರಲ್ಲಿ ಕೇಂಬ್ರಿಜಿಗೆ ಸಾಗಿಸಿದ. ಐದಾಬಿನಿಂದ ದಾವೀದ ಬರೆದ ಕಾಗದ, ಬೆನ್ ಯಿಜೂವಿನ ಮಂಗಳೂರಿನ ಪತ್ರಗಳು ಆ ಕೋಣೆಯವೇ. ಮೋಶೆ ತನ್ನ ಧರ್ಮಶಾಸ್ತ್ರಕ್ಕಾಗಿ ಸ್ವಹಸ್ತದಿಂದ ಬರೆದ ಕರಡಿನ ಹಾಳೆಗಳೂ ಅಲ್ಲಿಂದ ಹೊರಬಂದಿವೆ. ಸಾಲುಗಳನ್ನು ಹೊಡೆದುಹಾಕಿ ಮತ್ತೆ ಬರೆದದ್ದು ಅವುಗಳಲ್ಲಿ ಇಂದಿಗೂ ಕಾಣುತ್ತದೆ.