ಆಸ್ಪತ್ರೆಯ ಯಂತ್ರವನ್ನು ರಸ್ತೆಗೆ ತಂದ ಡಾಕ್ಟರ್: ಯಾರು ಈ ಫ್ರಾಂಕ್ ಪ್ಯಾಂಟ್ರಿಜ್?

ಒಬ್ಬರೇ ಇರುವಾಗ ಹೃದಯಾಘಾತವಾದರೆ ಜೋರಾಗಿ ಕೆಮ್ಮುತ್ತಿರಿ, ಜೀವ ಉಳಿಯುತ್ತದೆ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದನ್ನು ನಂಬಬೇಡಿ. ಹೃದಯ ಸ್ತಂಭನವಾದವರು ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತಾರೆ, ಕೆಮ್ಮುವುದೆಲ್ಲಿಂದ ಬಂತು? ಹಾಗಾದರೆ ಜೀವ ಉಳಿಸುವುದು ಏನು? ಇದನ್ನು ತಿಳಿಯಲು ಒಬ್ಬ ಡಾಕ್ಟರ್ ಬದುಕನ್ನು ನೋಡೋಣ.

ಫ್ರಾಂಕ್ ಪ್ಯಾಂಟ್ರಿಜ್ ಹುಟ್ಟಿದ್ದು 1916ರಲ್ಲಿ, ಉತ್ತರ ಐರ್ಲೆಂಡಿನ ಹಿಲ್ಸ್‌ಬರೋದಲ್ಲಿ. 1939ರಲ್ಲಿ ಬೆಲ್‌ಫಾಸ್ಟಿನಲ್ಲಿ ವೈದ್ಯಕೀಯ ಪದವಿ ಪಡೆದು ಸೇನೆ ಸೇರಿದರು. 1942ರಲ್ಲಿ ಸಿಂಗಪುರ ಪತನವಾದಾಗ ಜಪಾನಿಯರ ಕೈಗೆ ಸೆರೆ ಸಿಕ್ಕರು. ಬರ್ಮಾ ರೈಲು ಹಳಿಯ ಕುಖ್ಯಾತ ಶಿಬಿರಗಳಲ್ಲಿ ನರಳಿದರು. ವಿಟಮಿನ್ ಕೊರತೆಯಿಂದ ಬರುವ ಬೆರಿಬೆರಿ ಅವರ ಹೃದಯಕ್ಕೇ ತಗುಲಿತು. ಬದುಕಿ ಮರಳಿದ ಮೇಲೆ ಅವರು ಓದಿದ್ದು ಹೃದಯದ ಬಗ್ಗೆಯೇ. 1950ರ ಹೊತ್ತಿಗೆ ಬೆಲ್‌ಫಾಸ್ಟಿನ ರಾಯಲ್ ವಿಕ್ಟೋರಿಯಾ ಆಸ್ಪತ್ರೆ ಸೇರಿದರು.

ಅಲ್ಲಿ ಅವರನ್ನು ಕಾಡಿದ್ದು ಒಂದೇ ಪ್ರಶ್ನೆ. ಹೃದಯಾಘಾತದಿಂದ ಸಾಯುವ ಬಹಳಷ್ಟು ಜನ ಮೊದಲ ಗಂಟೆಗಳಲ್ಲೇ, ಆಸ್ಪತ್ರೆ ತಲುಪುವ ಮೊದಲೇ ಸಾಯುತ್ತಾರೆ. ಯಂತ್ರ ಮಾತ್ರ ಆಸ್ಪತ್ರೆಯೊಳಗೆ ಇರುತ್ತದೆ. ಹಾಗಿದ್ದರೆ ಯಂತ್ರವೇ ರೋಗಿಯ ಬಳಿಗೆ ಹೋದರೆ ಹೇಗೆ?

1965ರಲ್ಲಿ ಪ್ಯಾಂಟ್ರಿಜ್ ತಂಡ ಕಾರ್ ಬ್ಯಾಟರಿಯಿಂದ ನಡೆಯುವ ಡೀಫಿಬ್ರಿಲೇಟರ್ ತಯಾರಿಸಿತು. ತೂಕ ಸುಮಾರು 70 ಕೆ.ಜಿ.! ಅದನ್ನು ಆಂಬುಲೆನ್ಸಿಗೆ ಏರಿಸಿದರು. ಸಹೋದ್ಯೋಗಿ ಜಾನ್ ಗೆಡ್ಡಿಸ್ ಜೊತೆ ಸೇರಿ 1967ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಅಮೆರಿಕ ಬೇಗ ಒಪ್ಪಿಕೊಂಡಿತು. ಸ್ವಂತ ದೇಶ ಒಪ್ಪಲಿಲ್ಲ. ಬ್ರಿಟನ್ನಿನ ಎಲ್ಲ ತುರ್ತು ಆಂಬುಲೆನ್ಸುಗಳಿಗೂ ಈ ಯಂತ್ರ ಬಂದದ್ದು 1990ರಲ್ಲಿ. ಅಷ್ಟರಲ್ಲಿ ಯಂತ್ರದ ತೂಕ ಕೆಲವೇ ಕಿಲೋಗಳಿಗೆ ಇಳಿದಿತ್ತು. ಬೆಂಕಿ ಆರಿಸುವ ಸಿಲಿಂಡರ್ ಇರುವ ಕಡೆಯಲ್ಲೆಲ್ಲ ಇದೂ ಇರಬೇಕೆಂಬುದು ಪ್ಯಾಂಟ್ರಿಜ್ ವಾದವಾಗಿತ್ತು. 2004ರ ಡಿಸೆಂಬರ್ 26ರಂದು ಅವರು ತೀರಿಕೊಂಡರು.

ಇನ್ನೊಂದು ತಪ್ಪು ಕಲ್ಪನೆ: ನಿಂತ ಹೃದಯವನ್ನು ಶಾಕ್ ಮತ್ತೆ ಓಡಿಸುತ್ತದೆ ಎನ್ನುವುದು. ಸಿನಿಮಾದಲ್ಲಿ ಮಾತ್ರ ಹಾಗೆ. ಪೂರ್ತಿ ನಿಂತ ಹೃದಯಕ್ಕೆ ಶಾಕ್ ಕೆಲಸ ಮಾಡದು. ತಾಳ ತಪ್ಪಿ ಅದುರುತ್ತಿರುವ ಹೃದಯವನ್ನು ಅದು ಒಂದು ಕ್ಷಣ ಸುಮ್ಮನಾಗಿಸುತ್ತದೆ, ಆಮೇಲೆ ಹೃದಯ ತನ್ನ ತಾಳ ಹಿಡಿಯಬಹುದು. ಇಂದಿನ ಎಇಡಿ ಯಂತ್ರ ಹೃದಯದ ಲಯವನ್ನು ತಾನೇ ಪರೀಕ್ಷಿಸಿ, ಬೇಕಿದ್ದರೆ ಮಾತ್ರ ಶಾಕ್ ಕೊಡುತ್ತದೆ. ಏನು ಮಾಡಬೇಕೆಂದು ಮಾತಿನಲ್ಲೇ ಹೇಳುತ್ತದೆ.

ನಾವು ಇದನ್ನು ಬೀದರಿನ ಮೈಲೂರಿನಲ್ಲಿ ಕುಳಿತು ಬರೆಯುತ್ತಿದ್ದೇವೆ. ಇಲ್ಲಿಂದ ಜಿಲ್ಲಾಸ್ಪತ್ರೆ ಹತ್ತಿರ. ಔರಾದ್, ಭಾಲ್ಕಿಯ ಹಳ್ಳಿಗಳಿಗೆ ದೂರ. ಸಿಪಿಆರ್, ಶಾಕ್ ಎರಡೂ ಸಿಗದಿದ್ದರೆ ಬದುಕುವ ಸಾಧ್ಯತೆ ಪ್ರತಿ ನಿಮಿಷಕ್ಕೆ ಶೇ. 7ರಿಂದ 10ರಷ್ಟು ಕುಸಿಯುತ್ತದೆ. 2021ರ ಅಕ್ಟೋಬರ್ 29ರಂದು 46ರ ಹರೆಯದ ಪುನೀತ್ ರಾಜ್‌ಕುಮಾರ್ ಹೋದಾಗ ಇಡೀ ರಾಜ್ಯ ಅತ್ತಿತ್ತು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಸಾರ್ವಜನಿಕ ಸ್ಥಳಗಳಿಗೆ ಎಇಡಿ ಒದಗಿಸುವ ಆಲೋಚನೆಯೂ ಸೇರಿದೆ. ಬ್ರಿಟನ್ನಿನಲ್ಲಿ ಊರಿನ ಸಂಘಗಳಿಗೆ, ಸೇವಾ ಸಂಸ್ಥೆಗಳಿಗೆ ಉಚಿತವಾಗಿ ಯಂತ್ರ ಕೊಡುವವರಿದ್ದಾರೆ. ನಮ್ಮ ಯುವಕ ಸಂಘಗಳಿಗೆ, ಮಠ, ದರ್ಗಾ, ಗುರುದ್ವಾರಗಳಿಗೂ ಯಾಕೆ ಬೇಡ?

ಆದರೆ ಉಚಿತವಾಗಿ ಬಂದರೆ ಸಾಲದು. ಬ್ಯಾಟರಿ, ಪ್ಯಾಡುಗಳಿಗೆ ಅವಧಿ ಇರುತ್ತದೆ, ಬದಲಿಸುತ್ತಿರಬೇಕು. ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಬೀಗದ ಕೈ ಹುಡುಕುವಷ್ಟರಲ್ಲಿ ಜೀವ ಹೋಗಿರುತ್ತದೆ.

ಯಾರಾದರೂ ಕುಸಿದು, ಪ್ರತಿಕ್ರಿಯಿಸದೆ, ಸರಿಯಾಗಿ ಉಸಿರಾಡದಿದ್ದರೆ 108ಕ್ಕೆ ಕರೆ ಮಾಡಿ. ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, 5 ಸೆಂ.ಮೀ. ಆಳಕ್ಕೆ ಒತ್ತಿ. ಹತ್ತಿರದಲ್ಲಿ ಎಇಡಿ ಇದ್ದರೆ ಒಬ್ಬರನ್ನು ಓಡಿಸಿ ತರಿಸಿ. ಕೆಮ್ಮಿನ ಫಾರ್ವರ್ಡ್ ಬಂದ ಗ್ರೂಪಿಗೆ ಇದನ್ನೂ ಕಳಿಸಿ.